ಮುತ್ತಿನ ಬಳ್ಳ, ಅಕ್ಕಿಯ ಕೊಳಗ

ಹಿಂದಿನ ಕಾಲವೇ ಚೆನ್ನಾಗಿತ್ತೆಂಬ ಮಾತು ಎಂದು ಹುಟ್ಟಿತೋ ಹೇಳಬರುವಂತಿಲ್ಲ. ನಮ್ಮ ತಾತಂದಿರು ಅದನ್ನು ಆಡಿದರು; ಅವರ ತಾತಂದಿರೂ ಆಡಿದ್ದಿರಬೇಕು. ಆದರೆ ಒಂದು ಜನಾಂಗವು ಹೀಗೆ ಹಿಂದಿರುಗಿ ನೋಡುವಾಗ ಅದರ ಕಣ್ಣು ಬಯಲಿನಲ್ಲೆಲ್ಲ ಅಲೆಯುವುದಿಲ್ಲ. ಯಾವುದೋ ಒಂದು ಸಭೆಯ ಮೇಲೆ, ಒಂದು ಸಿಂಹಾಸನದ ಮೇಲೆ, ಅದರ ಸುತ್ತ ಕುಳಿತ ನಾಲ್ಕೆಂಟು ಜನರ ಮೇಲೆ ಅದು ನೆಲೆಗೊಳ್ಳುತ್ತದೆ. ಸಂಸ್ಕೃತ ಬಲ್ಲವರಿಗೆ ಧಾರಾನಗರದ ಭೋಜನ ಸಭೆ, ಉಜ್ಜಯಿನಿಯ ವಿಕ್ರಮನ ನವರತ್ನಗಳು. ಆಂಗ್ಲರಿಗೆ ಆರ್ಥರ್ ದೊರೆಯ ಕ್ಯಾಮೆಲಾಟ್. ಕನ್ನಡಿಗರಿಗೂ ತೆಲುಗರಿಗೂ ಹಂಪೆಯ ಕೃಷ್ಣದೇವರಾಯನ ಆಸ್ಥಾನ. ಇವುಗಳಲ್ಲಿ ಇತಿಹಾಸವೆಷ್ಟು, ಕಥೆಯೆಷ್ಟು ಎಂಬುದು ವಿದ್ವಾಂಸರ ವಿಚಾರ. ಇತಿಹಾಸಕ್ಕೆ ಹೊಂದದ ಒಂದು ಆದರ್ಶವನ್ನು ಹೃದಯದಲ್ಲಿಟ್ಟುಕೊಳ್ಳುವುದು ಧರ್ಮವೇ ಎಂಬುದು ನಮ್ಮೆಲ್ಲರ ವಿಚಾರ. ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಪಂಡಿತರಲ್ಲ, ಕೆರೆಕಟ್ಟೆಯ ಒಬ್ಬ ವೃದ್ಧೆ.

ಕೆರೆಕಟ್ಟೆ ಶೃಂಗೇರಿಯಿಂದ ಕಾರ್ಕಳದ ಕಡೆಗೆ ಘಟ್ಟವಿಳಿಯುವ ದಾರಿಯಲ್ಲಿರುವ ಊರು. ಸುತ್ತಲೂ ಕಾಡು, ಮೇಲೆ ಕುದುರೆಮುಖದ ಶ್ರೇಣಿ. ಕಳೆದ ಕಾರ್ತಿಕ ಮಾಸದಲ್ಲಿ ಅಲ್ಲಿಯ ಭಕ್ತರು ರಾಜ್ಯೋತ್ಸವದ ನಿಮಿತ್ತ ಒಂದು ಸಂಜೆ ನಮ್ಮನ್ನು ಕರೆದಿದ್ದರು. ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದು, ಮಕ್ಕಳು ಬೆಂಗಳೂರು ಸೇರಿ, ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗಿರುವ ಮನೆಗಳವರು ಇರುವುದೋ ಬಿಡುವುದೋ ಎಂಬ ಚಿಂತೆಯಲ್ಲಿರುವ ಪ್ರದೇಶವದು. ಇಂತಹವರ ಮನಸ್ಸಿಗೆ ಉತ್ಸಾಹ ತುಂಬೋಣವೆಂದು ನಾವು ವಿಜಯನಗರದ ವೈಭವವನ್ನು ಎತ್ತಿಕೊಂಡೆವು. ಆ ವಿಷಯ ಅಲ್ಲಿಗೆ ದೂರದ್ದೂ ಅಲ್ಲ. 1346ರಲ್ಲಿ ಹರಿಹರನು ತನ್ನ ತಮ್ಮಂದಿರೊಡನೆ ಶೃಂಗೇರಿಗೆ ಬಂದು, ವಿಜಯೋತ್ಸವವನ್ನಾಚರಿಸಿ, ಭಾರತೀತೀರ್ಥರಿಗೆ ಭೂದಾನ ಮಾಡಿದ ಶಾಸನವಿದೆ. ಆ ನೆಲದಲ್ಲಿ ನಿಂತು ಹಂಪೆಯ ಮಾತಾಡುವುದು ತವರಿನ ಮಾತಾಡಿದಂತೆಯೇ.

ಮಾತಿನ ಓಘದಲ್ಲಿ ಎಲ್ಲರೂ ಹೇಳುವುದನ್ನೇ ನಾವೂ ಹೇಳಿದೆವು: ರಾಯರ ಕಾಲದಲ್ಲಿ ಹಂಪೆಯ ಬೀದಿಗಳಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಮಾರುತ್ತಿದ್ದರು. ಚಪ್ಪಾಳೆಯಾಯಿತು. ಭಾಷಣ ಮುಗಿದು, ಯಾರಿಗಾದರೂ ಸಂದೇಹವಿದ್ದರೆ ಕೇಳಬಹುದೆಂದಾಗ, ಹೆಂಗಸರ ಕಡೆಯಿಂದ ಎಪ್ಪತ್ತೈದು ದಾಟಿದ ಒಬ್ಬ ತಾಯಿ ಎದ್ದು ನಿಂತರು.

“ಮುತ್ತನ್ನ ಬಳ್ಳದಲ್ಲಿ ಅಳೀತಿದ್ರು ಅಂದ್ರಲ್ಲ ಸ್ವಾಮೀ, ಅಕ್ಕೀನ ಯಾವುದ್ರಲ್ಲಿ ಅಳೀತಿದ್ರು?”

ಸಭೆ ನಕ್ಕಿತು. ನಾವೂ ನಕ್ಕೆವು. “ಅದೇ ಬಳ್ಳದಲ್ಲಿ ತಾಯಿ” ಎಂದುಬಿಟ್ಟೆವು. ಆಕೆ ಮತ್ತೇನನ್ನೂ ಕೇಳದೆ ಕುಳಿತರು, ಆದರೆ ನಗಲಿಲ್ಲ. ಮಾರನೆಯ ಬೆಳಿಗ್ಗೆ ಆಕೆಯನ್ನು ಮತ್ತೆ ಕಂಡೆವು. ಆ ಮಾತನ್ನು ಆಮೇಲೆ ಹೇಳುತ್ತೇವೆ. ಆ ರಾತ್ರಿಯಂತೂ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮಠಕ್ಕೆ ಹಿಂದಿರುಗಿದ ಮೇಲೆ, ವಿಶ್ವವಿದ್ಯಾಲಯದಲ್ಲಿದ್ದಾಗ ಓದಿ ಕಟ್ಟಿಟ್ಟಿದ್ದ ಪುಸ್ತಕಗಳನ್ನು ಬಿಚ್ಚಿ ಕುಳಿತೆವು.

ಕೃಷ್ಣದೇವರಾಯನು ಆಳಿದುದು 1509ರಿಂದ 1529ರವರೆಗೆ, ಇಪ್ಪತ್ತೇ ವರ್ಷ. ಆ ಕಾಲವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಪೋರ್ಚುಗೀಸರ ಡೊಮಿಂಗೊ ಪೇಸ್ ಮುಖ್ಯನು. ಅವನು ಬಂದುದು 1520ರ ಸುಮಾರಿಗೆ. ಕುದುರೆ ವ್ಯಾಪಾರಿಯಾದ ನೂನಿಜ್ ಬರೆದುದು 1535ರ ಸುಮಾರಿಗೆ, ಅರಸು ತೀರಿಹೋದ ಕೆಲವೇ ವರ್ಷಗಳಲ್ಲಿ. ಇವರಿಬ್ಬರ ಬರಹಗಳನ್ನು ರಾಬರ್ಟ್ ಸಿವೆಲ್ ಎಂಬ ಅಧಿಕಾರಿಯು 1900ರಲ್ಲಿ ತನ್ನ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದನು. ಪೇಸನ ಬರಹದಲ್ಲಿ ಮುತ್ತು, ಮಾಣಿಕ್ಯ, ವಜ್ರ, ಪಚ್ಚೆಗಳು ಮಾರಾಟವಾಗುವ ಬೀದಿಯಿದೆ. ಅಕ್ಕಿ, ಜೋಳ, ಕಾಳುಗಳು ಸಮೃದ್ಧವಾಗಿಯೂ ಅಗ್ಗವಾಗಿಯೂ ಸಿಗುತ್ತಿದ್ದುವೆಂಬ ಮಾತೂ ಇದೆ. ಲೋಕದಲ್ಲಿ ಇಷ್ಟು ಸರಕು ತುಂಬಿದ ನಗರ ಬೇರೊಂದಿಲ್ಲವೆಂದೇ ಅವನು ಮೆಚ್ಚಿಕೊಂಡಿದ್ದಾನೆ. ಆದರೆ ಮುತ್ತನ್ನಳೆಯುವ ಬಳ್ಳ ಅವನಲ್ಲಿಲ್ಲ. ಅದು ನಾವು ಸೇರಿಸಿಕೊಂಡದ್ದು.

ಹೇಗೆ ಸೇರಿಸಿಕೊಂಡೆವು, ಏಕೆ ಸೇರಿಸಿಕೊಂಡೆವು ಎಂಬುದನ್ನು ನೋಡಬೇಕು. ಒಂದು ಆಸ್ಥಾನವು ಕಥೆಯಾಗಬೇಕಾದರೆ ಮೊದಲು ಅದು ಹಾಳಾಗಬೇಕೆಂದು ತೋರುತ್ತದೆ. 1565ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ, ಹಂಪೆ ಪಾಳುಬಿದ್ದ ಮೇಲೆ, ಅದುವರೆಗೆ ರಾಯರ ಕೈಕೆಳಗಿದ್ದ ನಾಯಕರೆಲ್ಲ ತಾವೇ ಅರಸರಾದರು. ಹೊಸ ಅರಸನಿಗೆ ಹಳೆಯ ಸಿಂಹಾಸನದ ನೆರಳು ಬೇಕು. ಮೈಸೂರಿನ ರಾಜ ಒಡೆಯರು 1610ರಲ್ಲಿ ರಾಯರ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದು, ವಿಜಯನಗರದ ಮಹಾನವಮಿಯ ಮಾದರಿಯಲ್ಲಿ ನವರಾತ್ರಿಯನ್ನಾರಂಭಿಸಿದರು. ಮಧುರೆಯ ನಾಯಕರ ಆಶ್ರಯದಲ್ಲಿ ‘ರಾಯವಾಚಕಮು’ ಎಂಬ ತೆಲುಗು ಗದ್ಯವು ರಚಿತವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಅದು ಕೃಷ್ಣರಾಯನ ಸಭೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತದೆ. ಆದರೆ ಬರೆದಾಗ ಆ ಸಭೆಯೂ ಇಲ್ಲ, ಆ ನಗರವೂ ಇಲ್ಲ. ಮನೆ ಕಳೆದುಕೊಂಡವನು ತನ್ನ ಹಟ್ಟಿಯಲ್ಲಿ ಕುಳಿತು ಮಾಡಿನ ಒಂದೊಂದು ತೊಲೆಯನ್ನೂ ನೆನಪಿಸಿಕೊಂಡು ಹೇಳುವಾಗ, ಇಲ್ಲದ ತೊಲೆಯೊಂದೆರಡು ಸೇರಿಹೋದರೆ ಅವನನ್ನು ಸುಳ್ಳನೆನ್ನಬಹುದೇ?

ಅಷ್ಟದಿಗ್ಗಜರ ವಿಷಯವನ್ನೇ ತೆಗೆದುಕೊಳ್ಳಿರಿ. ರಾಯನ ಸಭಾಭವನದ ಹೆಸರು ಭುವನವಿಜಯವೆಂದೂ, ಅಲ್ಲಿ ಎಂಟು ದಿಕ್ಕಿಗೆ ಎಂಟು ಕವಿಗಳು ಕುಳಿತಿದ್ದರೆಂದೂ ಪ್ರಸಿದ್ಧಿ. ಆ ಎಂಟರಲ್ಲಿ ಎಣಿಸಲ್ಪಡುವ ಪಿಂಗಳಿ ಸೂರನ, ರಾಮರಾಜಭೂಷಣ ಇವರು ರಾಯನ ಕಾಲದ ನಂತರ ಪ್ರಸಿದ್ಧಿಗೆ ಬಂದವರು. ಕಥೆಗೆ ಇದರ ಚಿಂತೆಯಿಲ್ಲ. ಒಳ್ಳೆಯವರೆಲ್ಲ ಒಂದೇ ಚಾವಡಿಯಲ್ಲಿ ಕುಳಿತಿರಬೇಕೆಂಬುದು ಅದರ ಹಟ. ಪಾಠಶಾಲೆಯಲ್ಲಿ ನಾವು ಬಲ್ಲಾಳನ ‘ಭೋಜಪ್ರಬಂಧ’ವನ್ನು ಓದುವಾಗಲೂ ಇದೇ ಹಟವನ್ನು ಕಂಡಿದ್ದೆವು. ಶತಮಾನಗಳ ಅಂತರದಲ್ಲಿ ಬಾಳಿದ ಕಾಳಿದಾಸ, ಬಾಣ, ಮಾಘ, ಭವಭೂತಿಗಳು ಅಲ್ಲಿ ಒಬ್ಬನೇ ಭೋಜನ ಮುಂದೆ ಸಮಸ್ಯಾಪೂರ್ತಿ ಮಾಡುತ್ತಾರೆ. ನಮ್ಮ ಶಾಸ್ತ್ರಿಗಳನ್ನು ಇದರ ಬಗೆಗೆ ಪ್ರಶ್ನಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ. “ಕಾಲವನ್ನು ಕೇಳಬೇಡ, ಕಾವ್ಯವನ್ನು ಕೇಳು” ಎಂದರು. ಆಗ ಅದು ಜಾಣ್ಮೆಯ ಉತ್ತರವಾಗಿ ತೋರಿತು. ಈಗ ಅಷ್ಟು ನಿಶ್ಚಯವಿಲ್ಲ.

ತೆನಾಲಿ ರಾಮಕೃಷ್ಣನ ಕಥೆಗಳನ್ನು ಕೇಳದೆ ಬೆಳೆದ ಮಗು ನಮ್ಮ ನಾಡಿನಲ್ಲಿ ಇಲ್ಲವೆನ್ನಬಹುದು. ಅವನು ಮೊದಲು ರಾಮಲಿಂಗನೆಂಬ ಹೆಸರಿನ ಶೈವನಾಗಿದ್ದು ‘ಉದ್ಭಟಾರಾಧ್ಯ ಚರಿತ್ರ’ವನ್ನು ಬರೆದವನೆಂಬುದನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಬಲ್ಲರು. ಆ ಗಂಭೀರ ಕವಿ ಜನರ ಬಾಯಲ್ಲಿ ಬೆಕ್ಕಿಗೆ ಬಿಸಿಹಾಲು ಕುಡಿಸಿದ ವಿದೂಷಕನಾದನು. 1970ರಲ್ಲಿ ಬಿ. ಆರ್. ಪಂತುಲು ಅವರ ‘ಶ್ರೀ ಕೃಷ್ಣದೇವರಾಯ’ ಚಲನಚಿತ್ರ ಬಂದಿತು. ರಾಜ್‌ಕುಮಾರ್ ಅವರು ರಾಯರಾಗಿದ್ದರು. ಬಾಲ್ಯದಲ್ಲಿ ಡೇರೆಯ ಟಾಕೀಸಿನ ನೆಲದ ಮೇಲೆ ಕುಳಿತು ಅದನ್ನು ನೋಡಿದ ನಮಗೆ ಇಂದಿಗೂ ಕೃಷ್ಣದೇವರಾಯನೆಂದರೆ ರಾಜ್‌ಕುಮಾರರ ಮುಖವೇ ಹೊಳೆಯುತ್ತದೆ. ಸನ್ಯಾಸಿಗೆ ಒಪ್ಪುವ ಮಾತಲ್ಲವಾದರೂ ನಿಜವನ್ನು ಹೇಳಿಬಿಡಬೇಕು.

ಈ ಕಥೆಗಳೆಲ್ಲ ಒಂದು ಬಗೆಯ ಹಸಿವನ್ನು ತಣಿಸುತ್ತವೆ. ರಾಯನು ಗೆದ್ದ ಯುದ್ಧಗಳು ಸಾಮಾನ್ಯನಿಗೆ ನೆನಪಿಲ್ಲ. ಅವನು ತೋಡಿಸಿದ ಕಾಲುವೆಗಳು ನೆನಪಿಲ್ಲ. ಅಲ್ಲಸಾನಿ ಪೆದ್ದನನ ಕಾಲಿಗೆ ಅರಸನೇ ಗಂಡಪೆಂಡೆಯವನ್ನು ತೊಡಿಸಿದನಂತೆ, ಅವನ ಪಲ್ಲಕ್ಕಿಗೆ ಹೆಗಲು ಕೊಟ್ಟನಂತೆ ಎಂಬುದು ನೆನಪಿದೆ. ಏಕೆಂದರೆ ನಮ್ಮಲ್ಲಿ ಪ್ರತಿಯೊಬ್ಬನೂ ತನ್ನನ್ನು ಯಾರೂ ಗುರುತಿಸಲಿಲ್ಲವೆಂಬ ಕೊರಗನ್ನು ಹೊತ್ತಿದ್ದಾನೆ. ಯೋಗ್ಯತೆಯನ್ನು ಕಂಡೊಡನೆ ಎದ್ದು ನಿಲ್ಲುವ ಒಬ್ಬ ದೊರೆ ಎಲ್ಲಿಯೋ ಒಂದು ಕಾಲದಲ್ಲಿ ಇದ್ದನೆಂಬ ನಂಬಿಕೆಯೇ ಒಂದು ಸಮಾಧಾನ. ಅಮೇರಿಕದಂತಹ ಪ್ರಜಾರಾಜ್ಯದಲ್ಲಿಯೂ 1963ರಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾದಾಗ ಅವನ ವಿಧವೆ ಪತ್ರಕರ್ತನೊಬ್ಬನೊಡನೆ ಮಾತಾಡುತ್ತ ಕ್ಯಾಮೆಲಾಟಿನ ಹೆಸರನ್ನೆತ್ತಿದಳು. ಮೂರು ವರ್ಷವೂ ತುಂಬದ ಆಡಳಿತವೊಂದು ಅಂದಿನಿಂದ ಆರ್ಥರನ ಆಸ್ಥಾನವಾಗಿಬಿಟ್ಟಿತು. ಅರಸರೇ ಬೇಡವೆಂದು ಕಟ್ಟಿದ ನಾಡಿಗೂ ದುಃಖ ಬಂದಾಗ ಆಸ್ಥಾನವೇ ಬೇಕಾಯಿತು!

ಇನ್ನೊಂದನ್ನು ಗಮನಿಸಬೇಕು. ಆಸ್ಥಾನವನ್ನು ಕನಸುವವನು ತನ್ನನ್ನು ಎಲ್ಲಿ ಕೂರಿಸಿಕೊಳ್ಳುತ್ತಾನೆ? ಸಭೆಯ ಒಳಗೆ, ಕವಿಗಳ ಸಾಲಿನಲ್ಲಿ. ಬಹಳವೆಂದರೆ ಕಂಬದ ಮರೆಯಲ್ಲಿ. ಸುಂಕದ ಕಟ್ಟೆಯ ಮುಂದೆ ಹೇರೆತ್ತು ಹಿಡಿದು ನಿಂತವನಾಗಿಯೋ, ಕೆರೆಯ ಏರಿಗೆ ಮಣ್ಣು ಹೊರುವವನಾಗಿಯೋ ಯಾರೂ ಕನಸು ಕಾಣುವುದಿಲ್ಲ. ಆಂಧ್ರದಲ್ಲಿ ಭುವನವಿಜಯವೆಂಬ ಸಾಹಿತ್ಯರೂಪಕವನ್ನಾಡುವ ಸಂಪ್ರದಾಯವಿದೆ. ವಿದ್ವಾಂಸರು ಪೇಟ ಧರಿಸಿ ಪೆದ್ದನನೂ ತಿಮ್ಮನನೂ ಆಗಿ ಪದ್ಯ ಹೇಳುತ್ತಾರೆ. ಸೊಗಸಾದ ಸಂಪ್ರದಾಯ, ಸಂದೇಹವಿಲ್ಲ. ಮಣ್ಣು ಹೊರುವವನ ಪಾತ್ರ ಮಾತ್ರ ಅದರಲ್ಲಿ ಇದ್ದಂತಿಲ್ಲ.

ಆ ಮಣ್ಣು ಹೊರುವವನು ಪೇಸನ ಬರಹದಲ್ಲಿದ್ದಾನೆ. ಇಂದಿನ ಹೊಸಪೇಟೆಯ ಬಳಿ, ಆಗ ನಾಗಲಾಪುರವೆನಿಸಿದ ಹೊಸ ನಗರಕ್ಕೆ ನೀರು ತರಲು ರಾಯನು ಒಂದು ಮಹಾ ಕೆರೆಯನ್ನು ಕಟ್ಟಿಸುತ್ತಿದ್ದನು. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರೆಂದೂ, ಇರುವೆಗಳಂತೆ ತುಂಬಿ ನೆಲವೇ ಕಾಣುತ್ತಿರಲಿಲ್ಲವೆಂದೂ ಪೇಸ್ ಬರೆಯುತ್ತಾನೆ. ಕಟ್ಟೆ ಎರಡು ಮೂರು ಸಲ ಒಡೆಯಿತು. ಕಾರಣವೇನೆಂದು ಅರಸನು ಪುರೋಹಿತರನ್ನು ಕೇಳಿದನು. ದೇವರಿಗೆ ರಕ್ತ ಬೇಕೆಂದು ಅವರು ಹೇಳಿದರು. ಗುಡಿಯ ಬಾಗಿಲಲ್ಲಿ ಅರವತ್ತು ಮಂದಿಯ ತಲೆಗಳನ್ನೂ ಕೆಲವು ಕುದುರೆ ಕೋಣಗಳ ತಲೆಗಳನ್ನೂ ಕಡಿಸಲಾಯಿತು. ನೂನಿಜನೂ ಈ ಪ್ರಸಂಗವನ್ನು ಹೇಳುತ್ತಾನೆ; ಕಡಿಸಿಕೊಂಡವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂಬುದು ಅವನ ಮಾತು. ಅವನೇ ಇನ್ನೊಂದೆಡೆ, ನೆಲವೆಲ್ಲ ಅರಸನದು, ಅದನ್ನು ಹಿಡಿದಿರುವವರು ನಾಯಕರು, ಉಳುವವನು ಬೆಳೆದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಅವರಿಗೆ ಕೊಡಬೇಕು, ಜನಸಾಮಾನ್ಯರು ಬಹಳ ಕಷ್ಟಪಡುತ್ತಾರೆ ಎಂದು ಬರೆಯುತ್ತಾನೆ. ಒಂಬತ್ತು ಪಾಲೆಂಬುದು ವ್ಯಾಪಾರಿಯ ಉತ್ಪ್ರೇಕ್ಷೆಯಿರಬಹುದು, ಅರ್ಧವೆಂದೇ ಇಟ್ಟುಕೊಳ್ಳೋಣ. ಮಹಾಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದ ಕಥೆಯನ್ನು ನಮಗೆ ಕೊಟ್ಟವನೂ ಈ ನೂನಿಜನೇ. ತಿಮ್ಮರಸನ ಕಥೆಯನ್ನು ನಾವು ನಾಟಕವಾಡಿ ಅತ್ತೆವು. ಅರವತ್ತು ತಲೆಗಳಿಗಾಗಿ ಯಾರೂ ಅಳಲಿಲ್ಲ. ಅವರಿಗೆ ಹೆಸರೂ ಇಲ್ಲ.

ಈ ಪುಟವನ್ನು ಓದಿದಾಗ ಕೆರೆಕಟ್ಟೆ ಎಂಬ ಊರ ಹೆಸರೇ ನಮಗೆ ಬೇರೆಯಾಗಿ ಕೇಳಿಸಿತು. ಕನ್ನಡ ನಾಡಿನಲ್ಲಿ ಕೆರೆ, ಕಟ್ಟೆ ಎಂಬ ಮಾತಿನಿಂದಾದ ಊರುಗಳು ಎಷ್ಟಿವೆ! ಕೆರೆಯ ಹಿಂದಿನ ಸಾವನ್ನು ಜನಪದರು ಮರೆಯಲಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಹಾಡಿಕೊಂಡು ಬಂದವರು ಅರಮನೆಯವರಲ್ಲ, ಬೀಸುವ ಕಲ್ಲಿನ ಮುಂದಿನ ಹೆಂಗಸರು. ಕವಿಗಳು ಸಭೆಯನ್ನು ನೆನಪಿನಲ್ಲಿಟ್ಟರು, ಅವರು ಕಟ್ಟೆಯನ್ನು ನೆನಪಿನಲ್ಲಿಟ್ಟರು.

ಹಾಗಾದರೆ ರಾಯನನ್ನು ತೆಗೆದುಹಾಕೋಣವೇ? ಅಷ್ಟು ಸುಲಭವಲ್ಲ, ನ್ಯಾಯವೂ ಅಲ್ಲ. ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ, ಕೆರೆಕಾಲುವೆಗಳನ್ನು ಕಟ್ಟಿಸಿ, ಬಡ ಒಕ್ಕಲಿಗೆ ಕಂದಾಯ ತಗ್ಗಿಸಿ ನಡೆಸಿದರೆ ಅರ್ಥ ಧರ್ಮ ಎರಡೂ ಬೆಳೆಯುತ್ತವೆಂಬ ಅಭಿಪ್ರಾಯವನ್ನು ಅವನೇ ಬರೆದಿದ್ದಾನೆ. ಅಂದರೆ ಏನು ಮಾಡಬೇಕೆಂಬುದು ಅವನಿಗೆ ತಿಳಿದಿತ್ತು. ಅದಕ್ಕಿಂತ ಮಿಗಿಲಾಗಿ, ಅವನ ಆಸ್ಥಾನದ ನೆನಪು ನಮ್ಮ ಕಾಲದಲ್ಲಿ ಮಾಡಿದ ಕೆಲಸವನ್ನು ಅಲ್ಲಗಳೆಯಲಾಗದು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ತಾವು ಒಂದು ಜನ ಎಂಬುದೇ ಮರೆತಿತ್ತು. 1905ರಲ್ಲಿ ಆನೆಗೊಂದಿಗೆ ಹೋದ ಆಲೂರು ವೆಂಕಟರಾಯರು ಆ ಪಾಳುಕಲ್ಲುಗಳ ನಡುವೆ ಒಂದು ನಾಡನ್ನು ಕಂಡರು. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ವಿಜಯನಗರದ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ನಡೆಯಿತು. 1956ರಲ್ಲಿ ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆಯಿತು. ವೆಂಕಟರಾಯರು ಆ ಸಭೆಯನ್ನು ಕನಸಿದ್ದರೂ ಅದರೊಳಗೆ ಕುಳಿತುಕೊಳ್ಳಲಿಲ್ಲ, ಊರೂರು ಅಲೆದರು. ಇದ್ದುದಕ್ಕಿಂತ ಹೊಳಪಾಗಿ ಗತವನ್ನು ಕಂಡವರ ಋಣ ನಮ್ಮ ಮೇಲಿದೆ. ಈ ಲೇಖನವನ್ನು ನಾವು ಕನ್ನಡದಲ್ಲಿ ಬರೆದು, ಅದು ಬೀದರಿನಲ್ಲಿಯೂ ಕೊಪ್ಪದಲ್ಲಿಯೂ ಓದಲ್ಪಡುತ್ತಿದ್ದರೆ ಅದರಲ್ಲಿ ಆ ಕನಸಿನ ಪಾಲಿದೆ.

ಆದರೆ ಅದೇ ನೆನಪು ಮತ್ತೊಂದು ಕೆಲಸವನ್ನೂ ಮಾಡುತ್ತದೆ. ಕೆರೆಕಟ್ಟೆಯ ಸಭೆಯಲ್ಲಿ ಅದು ಮಾಡಿದುದೇನು? ರೋಗ ಹಿಡಿದ ತೋಟದವರು ಒಂದು ಗಂಟೆ ತಮ್ಮ ತೋಟವನ್ನು ಮರೆತರು. ಅವರಿಗೆ ಸಮಾಧಾನವಾಯಿತೆಂದು ನಾವು ಭಾವಿಸಿದೆವು. ವಾಸ್ತವವಾಗಿ ಅವರ ದುಃಖವನ್ನು ಕೇಳುವ ಶ್ರಮವನ್ನು ನಾವು ತಪ್ಪಿಸಿಕೊಂಡಿದ್ದೆವು.

ನಮ್ಮವರ ವಿಷಯಕ್ಕೆ ಬಂದರೆ ನಾವು ಇನ್ನೂ ಎಚ್ಚರದಿಂದ ಮಾತಾಡಬೇಕಾಗಿದೆ. ಶರಣರು ಆಸ್ಥಾನವನ್ನು ತೊರೆದವರೆಂದು ನಾವು ಹೆಮ್ಮೆಪಡುತ್ತೇವೆ. ಹರಿಹರ ಕವಿಯು ಹೊಯ್ಸಳ ನರಸಿಂಹ ಬಲ್ಲಾಳನ ಕರಣಿಕ ವೃತ್ತಿಯನ್ನು ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನೆದುರು ಕುಳಿತನೆಂದು ಪರಂಪರೆ ಹೇಳುತ್ತದೆ. ಮುಂದೆ ಯಾವ ಊರು ಆಸ್ಥಾನಗಳ ಆಸ್ಥಾನವಾಯಿತೋ ಆ ಊರು, ಅದಕ್ಕೂ ನೂರಕ್ಕೆ ಮಿಕ್ಕಿದ ವರ್ಷಗಳ ಹಿಂದೆ, ಆಸ್ಥಾನವನ್ನು ಬೇಡವೆಂದವನ ಊರಾಗಿತ್ತು! ಇದನ್ನು ನಾವು ನಮ್ಮ ಪ್ರವಚನಗಳಲ್ಲಿ ಹೇಳುತ್ತೇವೆ. ಅದೇ ಉಸಿರಿನಲ್ಲಿ ಪ್ರೌಢದೇವರಾಯನ ಕಾಲವನ್ನೂ ಹೊಗಳುತ್ತೇವೆ. 1424ರಿಂದ 1446ರವರೆಗೆ ಆಳಿದ ಆ ಅರಸನ ಆಶ್ರಯದಲ್ಲಿ ನೂರೊಂದು ವಿರಕ್ತರು, ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ‘ಪ್ರಭುಲಿಂಗಲೀಲೆ’ಯ ಚಾಮರಸ — ನಮಗೂ ಒಂದು ಭುವನವಿಜಯ ಬೇಕಾಗಿತ್ತು, ಸಿಕ್ಕಿತು. 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಅರಸನ ಸ್ವಂತ ತಮ್ಮನೇ ಔತಣದ ನೆವದಲ್ಲಿ ಅಧಿಕಾರಿಗಳನ್ನು ಕೊಲ್ಲಿಸಿ ಅರಸನ ಮೇಲೂ ಕೈಮಾಡಿದ ಘೋರವನ್ನು ಬರೆದಿಟ್ಟಿದ್ದಾನೆ. ಅದನ್ನು ನಮ್ಮ ಪುರಾಣಪ್ರವಚನಗಳಲ್ಲಿ ನಾವು ಕೇಳಿದ್ದಿಲ್ಲ, ಹೇಳಿದ್ದೂ ಇಲ್ಲ.

ಇನ್ನೂ ಒಳಕ್ಕೆ ಹೋಗೋಣ. ಶಿವಗಣಪ್ರಸಾದಿ ಮಹಾದೇವಯ್ಯನು ‘ಶೂನ್ಯಸಂಪಾದನೆ’ಯನ್ನು ಮೊದಲು ಸಂಕಲಿಸಿದುದು ಈ ಹದಿನೈದನೆಯ ಶತಮಾನದಲ್ಲಿಯೇ. ಕಲ್ಯಾಣದ ಶರಣರ ಗೋಷ್ಠಿಯನ್ನು ನಾವು ಇಂದು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ರೀತಿ ಬಹುಮಟ್ಟಿಗೆ ಆ ಗ್ರಂಥಪರಂಪರೆಯಿಂದ ಬಂದುದು. ಅಲ್ಲಿ ಅಲ್ಲಮಪ್ರಭುವಿಗೆ ಒಂದು ಸಿಂಹಾಸನವಿದೆ. ಶೂನ್ಯ ಸಿಂಹಾಸನವೇನೋ ನಿಜ, ಆದರೂ ಸಿಂಹಾಸನ. ಯಾವ ಊರಿಗೂ ಅಂಟದೆ ಅಲೆದ ಆ ಜಂಗಮನಿಗೆ, ಯಾವ ಪೀಠವನ್ನೂ ಬಯಸದ ಆ ಮಹಾಮಹಿಮನಿಗೆ, ಮೂರು ಶತಮಾನಗಳಾದ ಮೇಲೆ ಭಕ್ತರು ಕೊಡಲು ಬಯಸಿದ ಅತ್ಯುನ್ನತ ಗೌರವ ಅರಸನ ಆಸನದ ಹೆಸರೇ ಆಯಿತು. ಇದರ ಯೋಗಾರ್ಥವನ್ನು ನಾವು ಬಲ್ಲೆವು. ಶಿಷ್ಯರಿಗೆ ಪಾಠ ಹೇಳಿದ್ದೇವೆ. ಆದರೂ ಆ ಕಾಲದ ಲೇಖಕನ ಕಣ್ಣ ಮುಂದೆ ಹಂಪೆಯ ಸಭಾಮಂಟಪ ಇರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಇಂದು ನಾವು ಅನುಭವ ಮಂಟಪದ ಚಿತ್ರಗಳನ್ನು ಬರೆಯಿಸುವಾಗ ಎತ್ತರದ ಪೀಠ, ಕೆತ್ತನೆಯ ಕಂಬ, ಸಾಲುಸಾಲಾಗಿ ಶುಭ್ರವಸ್ತ್ರದ ಎಳುನೂರೆಪ್ಪತ್ತು ಅಮರಗಣಂಗಳನ್ನು ಬರೆಯಿಸುತ್ತೇವೆ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು; ಸಂತೋಷದ ಸಂಗತಿಯೇ. ಆದರೆ ಅಂಬಿಗರ ಚೌಡಯ್ಯನ ಬಟ್ಟೆ ಒದ್ದೆಯಾಗಿದ್ದಿರಬೇಕು, ಆಯ್ದಕ್ಕಿ ಮಾರಯ್ಯನ ಮಡಿಲಲ್ಲಿ ನೆಲದಿಂದ ಹೆಕ್ಕಿದ ಅಕ್ಕಿಯಿದ್ದಿರಬೇಕು. ಆ ಸಭೆಯ ಅತಿಶಯವಿದ್ದುದು ಅದರಲ್ಲಿ. ಅದನ್ನು ತೊಳೆದು ಒರಸಿ ಆಸ್ಥಾನವನ್ನಾಗಿ ಮಾಡಿದವರು ನಾವು. ಅಕ್ಕಿಯನ್ನು ಹೆಚ್ಚಾಗಿ ತಂದ ಗಂಡನನ್ನು ತಿರುಗಿ ಸುರಿದು ಬಾ ಎಂದು ಕಳುಹಿದ ಲಕ್ಕಮ್ಮ ಇದನ್ನು ಕಂಡಿದ್ದರೆ ಏನನ್ನುತ್ತಿದ್ದಳೋ!

ಮಲೆನಾಡಿನವರು ಇಲ್ಲಿ ಕೆಳದಿಯನ್ನು ನೆನಪಿಸಬಹುದು. ಶೃಂಗೇರಿಗೂ ನಮ್ಮ ಮಠಗಳಿಗೂ ದತ್ತಿ ಬಿಟ್ಟ ಅರಸುಮನೆತನವದು. 1763ರಲ್ಲಿ ಹೈದರನಿಗೆ ಸೋತು ಮುಗಿಯಿತು. ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಧೈರ್ಯವನ್ನು ಎಲ್ಲರೂ ಹೇಳುತ್ತಾರೆ. ನಮಗೆ ಅದಕ್ಕಿಂತ ಶಿವಪ್ಪನಾಯಕನ ಶಿಸ್ತು ದೊಡ್ಡದೆನಿಸುತ್ತದೆ. 1645ರಿಂದ 1660ರವರೆಗೆ ಆಳಿದ ಅವನು ನೆಲವನ್ನು ಐದು ತರಗತಿಗಳಾಗಿ ವಿಂಗಡಿಸಿ, ಊರೂರಿನಲ್ಲಿಯೂ ಒಂದೊಂದು ಬಗೆಯ ಹೊಲವನ್ನು ಹನ್ನೆರಡು ವರ್ಷ ಸರ್ಕಾರದಿಂದಲೇ ಸಾಗುವಳಿ ಮಾಡಿಸಿ, ಬೀಜವೆಷ್ಟು ಬೆಳೆಯೆಷ್ಟು ಎಂದು ಲೆಕ್ಕವಿರಿಸಿ, ಸರಾಸರಿ ಕಂಡು, ಮೂರನೆಯ ಒಂದು ಪಾಲನ್ನು ಕಂದಾಯವಾಗಿ ಗೊತ್ತುಮಾಡಿದನೆಂದು ಹಳೆಯ ಗೆಜೆಟಿಯರುಗಳಲ್ಲಿದೆ. ಮೂರನೆಯ ಒಂದು ಪಾಲು ಹಗುರವೇನಲ್ಲ. ನಮ್ಮ ಮತದ ಅರಸನೆಂದು ನಾವು ಅವನನ್ನು ಹೊಗಳುತ್ತಿದ್ದೇವೆಯೇ ಎಂಬ ಸಂದೇಹವನ್ನೂ ಇಟ್ಟುಕೊಳ್ಳೋಣ. ಆದರೂ ಒಂದು ಮಾತನ್ನು ಹೇಳಲೇಬೇಕು: ಅವನು ಮುತ್ತನ್ನಲ್ಲ, ಭತ್ತವನ್ನು ಅಳೆಯಿಸಿದನು. ಅವನ ಆಸ್ಥಾನದಲ್ಲಿ ಎಷ್ಟು ಮಂದಿ ಕವಿಗಳಿದ್ದರೆಂದು ಯಾರೂ ಹಾಡುವುದಿಲ್ಲ. ‘ಶಿಸ್ತು’ ಎಂಬ ಒಂದು ಪದವನ್ನು ಮಾತ್ರ ಜನ ಅವನ ಹೆಸರಿಗೆ ಅಂಟಿಸಿಟ್ಟುಕೊಂಡಿದ್ದಾರೆ. ಕೆರೆಕಟ್ಟೆಯ ಆ ತಾಯಿಯ ಪ್ರಶ್ನೆಗೆ ನಾವು ಇದನ್ನಾದರೂ ಉತ್ತರವಾಗಿ ಹೇಳಬಹುದಾಗಿತ್ತು. ಆ ಹೊತ್ತಿಗೆ ತೋಚಲಿಲ್ಲ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಜಗುಲಿಗೆ ಬಂದಾಗ ಆಕೆ ವಿಭೂತಿಗಾಗಿ ಕಾಯುತ್ತಿದ್ದರು. ವಿಭೂತಿಯನ್ನಿತ್ತು, “ನಿನ್ನೆ ಹಾಗೆ ಕೇಳಿದಿರಲ್ಲ, ಏಕೆ ತಾಯಿ?” ಎಂದೆವು. ಆಕೆ ಸಂಕೋಚಪಟ್ಟರು. ಆಮೇಲೆ ಹೇಳಿದರು. ಆಕೆಯ ತಂದೆ ಗೇಣಿಗೆ ಗದ್ದೆ ಮಾಡುತ್ತಿದ್ದರು. ಒಡೆಯರ ಮನೆಯಲ್ಲಿ ಎರಡು ಕೊಳಗಗಳಿದ್ದುವು. ಗೇಣಿಯ ಭತ್ತವನ್ನು ಅಳೆದುಕೊಳ್ಳುವುದು ಒಂದರಲ್ಲಿ. ಕೂಲಿಗೆ, ಸಾಲಕ್ಕೆ ಅಳೆದು ಕೊಡುವುದು ಇನ್ನೊಂದರಲ್ಲಿ. ಹೊರಗಿನಿಂದ ನೋಡಲು ಎರಡೂ ಒಂದೇ. ಎಂಟು ವರ್ಷದ ಹುಡುಗಿಯಾಗಿದ್ದಾಗ, ತಾಯಿಯೊಡನೆ ಹೋಗಿ ಮಡಿಲೊಡ್ಡಿ ನಿಂತಿದ್ದಾಗ, ಆಕೆಗೆ ಅದು ಗೊತ್ತಾಯಿತಂತೆ. ಅಪ್ಪನಿಗೆ ಹೇಳಿದರೆ, “ಗೊತ್ತು, ಸುಮ್ಮನಿರು” ಎಂದರಂತೆ.

“ರಾಯರ ಕಾಲದಲ್ಲಾದ್ರೂ ಒಂದೇ ಕೊಳಗ ಇತ್ತೇನೋ ಅಂತ ಕೇಳ್ದೆ ಸ್ವಾಮೀ.”

1974ರ ಕಾನೂನು ಬಂದು ಗೇಣಿ ಹೋಯಿತು. ಆಕೆಯ ತಂದೆಗೆ ಎರಡೆಕರೆ ಗದ್ದೆ ಉಳಿಯಿತು. ಒಡೆಯರು ಯಾರೆಂದು ನಾವು ಕೇಳಲಿಲ್ಲ. ಕೇಳಲು ಭಯವಾಯಿತೆಂಬುದೇ ಸರಿ. ಏಕೆಂದರೆ ಆ ಕಾಲದಲ್ಲಿ ಮಠಗಳಿಗೂ ಗೇಣಿ ಬರುತ್ತಿತ್ತು, ನಮ್ಮ ಮಠಕ್ಕೂ ಬರುತ್ತಿತ್ತು.

ಮಠಕ್ಕೆ ಬಂದು ಪುಸ್ತಕಗಳನ್ನೆಲ್ಲ ಓದಿಯಾದ ಮೇಲೆ, ಒಂದು ಮಧ್ಯಾಹ್ನ ಹಳೆಯ ಉಗ್ರಾಣದ ಬೀಗ ತೆಗೆಸಿದೆವು. ಹಿರಿಯ ಗುರುಗಳ ಕಾಲದ ಕಡಾಯಿಗಳು, ಹರಿವಾಣಗಳು, ಮುರಿದ ಪಲ್ಲಕ್ಕಿಯ ದಂಡಿಗೆ, ಇವುಗಳ ಹಿಂದೆ ಕೊಳಗಗಳಿದ್ದುವು. ಎರಡು. ಮೂವತ್ತು ವರ್ಷದಿಂದ ಈ ಮಠದಲ್ಲಿದ್ದೇವೆ. ಅವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಅಡಿಗೆಯವನನ್ನು ಕರೆದು ಅಕ್ಕಿ ತರಿಸಿ, ಒಂದನ್ನು ತುಂಬಿ, ಅಂಗೈಯಿಂದ ಸವರಿ, ಇನ್ನೊಂದಕ್ಕೆ ನಾವೇ ಸುರಿದೆವು. ಅದು ತುಂಬಿ, ಅಂಚು ಮೀರಿ, ಸುಮಾರು ಅರ್ಧ ಸೇರಿನಷ್ಟು ಅಕ್ಕಿ ನೆಲದ ಮೇಲೆ ಚೆಲ್ಲಿತು. ಅಡಿಗೆಯವನು ನಮ್ಮ ಮುಖವನ್ನು ನೋಡಿದನು. ಇಬ್ಬರೂ ಕುಳಿತು ಅದನ್ನು ಹೆಕ್ಕಿದೆವು.

ಬರುವ ಕಾರ್ತಿಕಕ್ಕೆ ಕೆರೆಕಟ್ಟೆಯವರು ಮತ್ತೆ ಕರೆದಿದ್ದಾರೆ. ಎರಡು ಕೊಳಗಗಳನ್ನೂ ಜೊತೆಗೆ ಒಯ್ಯಬೇಕೆಂದಿದ್ದೇವೆ.